‘ಟ್ರಬಲ್’ ಪದದ ಅರ್ಥವೇನು? ಎಲ್ಲೆಲ್ಲಿ ಹೇಗೆ ಬಳಸುತ್ತಾರೆ?

ಹೆಚ್ಚಿನ ಕಡೆ ‘ತೊಂದರೆ’ ಎಂದರೆ ಸಾಕು. ಲ್ಯಾಟಿನ್‌ನಿಂದ ಹಳೆಯ ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದ ಈ ಪದದ ಮೂಲಾರ್ಥ ಕದಡುವುದು. ಕೆರೆಗೆ ಎಮ್ಮೆ ಇಳಿದರೆ ತಳದ ಕೆಸರೆದ್ದು ನೀರು ಬಗ್ಗಡವಾಗುತ್ತದಲ್ಲ, ಹಾಗೆ. ನಾವೂ ‘ಮನಸ್ಸು ಕದಡಿತು’ ಅನ್ನುತ್ತೇವೆ; ಈ ಹೋಲಿಕೆ ನನಗೆ ತುಂಬಾ ಇಷ್ಟ.

ಹಲವರು ಎಡವುವುದು ಇಲ್ಲಿ: ‘ಐ ಆಮ್ ಇನ್ ಟ್ರಬಲ್’ ಅಂದರೆ ಪೇಚಿಗೆ ಸಿಕ್ಕಿಕೊಂಡಿದ್ದೇನೆ, ಎಷ್ಟೋ ಸಲ ಬೈಗುಳವೋ ಶಿಕ್ಷೆಯೋ ಕಾದಿದೆ ಎಂದೂ ಹೌದು. ‘ಐ ಹ್ಯಾವ್ ಟ್ರಬಲ್ ಸ್ಲೀಪಿಂಗ್’ ಅಂದರೆ ಸರಿಯಾಗಿ ನಿದ್ದೆ ಬರುತ್ತಿಲ್ಲ, ಅಷ್ಟೆ. ‘ಟೇಕ್ ದ ಟ್ರಬಲ್’ ಅಂದರೆ ಶ್ರಮ ವಹಿಸಿ ಮಾಡುವುದು. ಕ್ರಿಯಾಪದವಾದರೆ ಕಾಡು, ತೊಂದರೆ ಕೊಡು.

‘ದ ಟ್ರಬಲ್ಸ್’ ಎಂದು ಓದಿದರೆ, ಅದು ಉತ್ತರ ಐರ್ಲೆಂಡಿನಲ್ಲಿ 1960ರ ದಶಕದ ಕೊನೆಯಿಂದ 1998ರ ಒಪ್ಪಂದದವರೆಗೆ ನಡೆದ ಸಂಘರ್ಷ. ಸುಮಾರು 3,500 ಜನ ಸತ್ತರು.