ಬಡಾವಣೆ ಪೂರ್ತಿಯಾಗಿಲ್ಲ, ಪಾಲಿಕೆಗೂ ಹಸ್ತಾಂತರ ಆಗಿಲ್ಲ. ಬೆಂಗಳೂರಿನಲ್ಲಿರುವ ಇಂಥ ಮನೆ ಮಾರಬಹುದಾ?

ಮಾರಬಹುದು. ಡೆವಲಪರ್ ರಸ್ತೆ, ಚರಂಡಿ ಅರ್ಧಕ್ಕೇ ಬಿಟ್ಟಿದ್ದರೂ ಮನೆ ನಿಮ್ಮದೇ ಅಲ್ವಾ? ನಿಜವಾದ ತೊಡಕು ಖಾತೆಯದ್ದು, ಅಂದರೆ ಪಾಲಿಕೆಯ ಆಸ್ತಿ ದಾಖಲೆಯದ್ದು. 2024ರ ಅಕ್ಟೋಬರ್‌ನಿಂದ ಇಲ್ಲಿ ನೋಂದಣಿಗೆ ಇ-ಖಾತೆ (ಅದರ ಡಿಜಿಟಲ್ ರೂಪ) ಬೇಕೇ ಬೇಕು. ಮೊದಲು ಅದನ್ನು ಮಾಡಿಸಿಕೊಳ್ಳಿ.

ಕೊಳ್ಳುವವರು ಸಾಲ ಮಾಡುವುದಾದರೆ ಬ್ಯಾಂಕಿನ ವಕೀಲರು ಬಡಾವಣೆಯ ಅನುಮೋದಿತ ನಕ್ಷೆ, ರಸ್ತೆ-ಪಾರ್ಕು ಬಿಟ್ಟುಕೊಟ್ಟ ಪತ್ರ ಕೇಳುತ್ತಾರೆ. ಬಿ-ಖಾತೆ (ಅನುಮೋದನೆ ಸರಿಯಾಗಿಲ್ಲದ ಆಸ್ತಿಗೆ ಕೊಡುವ ಖಾತೆ) ಆದರೆ ಹಲವು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಆಗ ಕೈಯಲ್ಲಿ ದುಡ್ಡಿರುವವರೇ ಬರಬೇಕು, ಅವರು ಚೌಕಾಸಿ ಜಾಸ್ತಿ ಮಾಡುತ್ತಾರೆ.

ನೀರು, ಒಳಚರಂಡಿಯ ಸ್ಥಿತಿ ಮುಚ್ಚಿಡಬೇಡಿ. ಸುಲಭವಾಗಿ ಕಣ್ಣಿಗೆ ಬೀಳದ ದೊಡ್ಡ ದೋಷ ನಿಮಗೆ ಗೊತ್ತಿದ್ದೂ ಹೇಳದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ ಅದು ವಂಚನೆ. ನಿವಾಸಿಗಳ ಸಂಘದ ಬಾಕಿ ಇದ್ದರೆ ಮೊದಲೇ ತೀರಿಸಿ. ರಿಜಿಸ್ಟ್ರಾರ್ ಆಫೀಸಿನ ಬಾಗಿಲಲ್ಲಿ ಆ ಜಗಳ ಸುಮ್ನೆ ಯಾಕೆ?