ಗೃಹಲಕ್ಷ್ಮಿ ದುಡ್ಡು ಜಿಡಿಪಿಯಲ್ಲಿ ಸೇರುತ್ತಾ?

ಸರ್ಕಾರದ ಖರ್ಚು ಜಿಡಿಪಿ (ದೇಶದಲ್ಲಿ ಒಂದು ವರ್ಷದಲ್ಲಿ ತಯಾರಾದ ಸರಕು, ಸೇವೆಗಳ ಒಟ್ಟು ಬೆಲೆ) ಲೆಕ್ಕದಲ್ಲೇ ಇರುವಾಗ, ಖರ್ಚು ಜಾಸ್ತಿ ಮಾಡಿದಷ್ಟೂ ದೇಶ ಬೆಳೆಯಬೇಕಲ್ವಾ, ಗೃಹಲಕ್ಷ್ಮಿ ದುಡ್ಡೂ ಅದರಲ್ಲಿ ಸೇರುತ್ತಾ ಅಂತ ಕೇಳಿದ್ದೀರಿ.

ಎರಡನೆಯದಕ್ಕೆ ಉತ್ತರ ಸುಲಭ: ನೇರವಾಗಿ ಸೇರುವುದಿಲ್ಲ. ತಿಂಗಳಿಗೆ 2,000 ರೂಪಾಯಿ ಸರ್ಕಾರದಿಂದ ಮನೆಯೊಡತಿಯ ಖಾತೆಗೆ ಬಂದಾಗ ದುಡ್ಡು ಕೈ ಬದಲಾಗಿದೆ ಅಷ್ಟೇ, ಹೊಸದೇನೂ ತಯಾರಾಗಿಲ್ಲ. ಆಕೆ ಅದರಲ್ಲಿ ಮಿಕ್ಸಿ ಕೊಂಡರೆ, ಮಗುವಿನ ಟ್ಯೂಷನ್ ಫೀಸು ಕಟ್ಟಿದರೆ ಆಗ ಸೇರುತ್ತದೆ. ಅದೂ ಮನೆಖರ್ಚಿನ ಬಾಬ್ತಿನಲ್ಲಿ. ಬಡವರ ಕೈಗೆ ಬಂದ ದುಡ್ಡು ಸುಮ್ನೆ ಕೂರುವುದಿಲ್ಲ, ಹಾಗಾಗಿ ಊರಿನ ಅಂಗಡಿ ವ್ಯಾಪಾರ ಚುರುಕಾಗುತ್ತದೆ.

ಮೊದಲನೆಯದು ಸ್ವಲ್ಪ ತೊಡಕು. ಯಾರೂ ಓಡಾಡದ ರಸ್ತೆಗೆ ಸುರಿದ ದುಡ್ಡೂ ಆ ವರ್ಷದ ಜಿಡಿಪಿಯಲ್ಲಿ ಸೇರುತ್ತದೆ. ಆಮೇಲೆ ಅದರಿಂದ ಏನೂ ಗಿಟ್ಟುವುದಿಲ್ಲ, ಸಾಲ ಮಾಡಿ ಹಾಕಿದ್ದರೆ ಬಡ್ಡಿ ಮಾತ್ರ ಉಳಿಯುತ್ತದೆ. ಶಿವನಸಮುದ್ರದ್ದು ಇದಕ್ಕೆ ಉಲ್ಟಾ. ಮೈಸೂರು ಸರ್ಕಾರ ದುಡ್ಡು ಹಾಕಿ ಅಲ್ಲಿ ವಿದ್ಯುತ್ ಕೇಂದ್ರ ಕಟ್ಟಿತು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿಗೂ ಬಂತು. ಗಣಿಯವರು ಕರೆಂಟಿಗೆ ದುಡ್ಡು ಕಟ್ಟಿದರು. ಒಂದು ಸಲ ಮಾಡಿದ ಖರ್ಚು ವರ್ಷಗಟ್ಟಲೆ ದುಡಿಯಿತು.

ಕೇಂದ್ರ ಸರ್ಕಾರ 2024-25ರ ಬಜೆಟ್‌ನಲ್ಲಿ ರಸ್ತೆ, ರೈಲು ಮುಂತಾದ ಬಂಡವಾಳ ವೆಚ್ಚಕ್ಕೆ 11.11 ಲಕ್ಷ ಕೋಟಿ ಇಟ್ಟಿದ್ದೂ ಇಂಥದ್ದೇ ಲೆಕ್ಕಾಚಾರದಿಂದ. ತಮಾಷೆ ಅಂದರೆ, ಅದೇ ಬಜೆಟ್‌ನಲ್ಲಿ ಹಳೆ ಸಾಲದ ಬಡ್ಡಿಗೆ ಇಟ್ಟ ಮೊತ್ತ ಅದಕ್ಕಿಂತ ಜಾಸ್ತಿ ಇತ್ತು.