ಮಗುವಿನ ಮೂರ್ಛೆರೋಗಕ್ಕೆ ಸಿಬಿಡಿ ಎಣ್ಣೆ: ನಿಮ್ಮ ಪ್ರಶ್ನೆಗೆ

ಡ್ರಾವೆ ಸಿಂಡ್ರೋಮ್ (ಶೈಶವದಲ್ಲೇ ಶುರುವಾಗುವ ತೀವ್ರ ಮೂರ್ಛೆರೋಗ) ಇರುವ, ಸೆಳವು ತಡೆಯುವ ವಾಲ್ಪ್ರೊಯೇಟ್ ಮತ್ತು ಕ್ಲೋಬಜಾಮ್ ಔಷಧಗಳನ್ನು ತೆಗೆದುಕೊಳ್ಳುತ್ತಿರುವ ಏಳು ವರ್ಷದ ಮಗಳಿಗೆ ಆನ್‌ಲೈನ್‌ನಲ್ಲಿ ಸಿಗುವ ಸಿಬಿಡಿ (ಗಾಂಜಾ ಗಿಡದಲ್ಲಿರುವ, ಅಮಲೇರಿಸದ ರಾಸಾಯನಿಕ) ಎಣ್ಣೆ ಕೊಡಬಹುದೇ ಎಂದು ಕೇಳಿದ್ದೀರಿ. ನರರೋಗ ತಜ್ಞರಿಗೆ ತಿಳಿಸದೆ ಒಂದು ಹನಿಯನ್ನೂ ಕೊಡಬೇಡಿ.

ಸಿಬಿಡಿಗೆ ಗುಣವಿರುವುದು ನಿಜ. ಈ ಕಾಯಿಲೆಯ 120 ಮಕ್ಕಳು ಮತ್ತು ಯುವಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೇಹತೂಕದ ಕಿಲೋಗೆ ದಿನಕ್ಕೆ 20 ಮಿಲಿಗ್ರಾಂ ಪಡೆದವರ ಸೆಳವುಗಳ ಮಧ್ಯಾಂಕ ತಿಂಗಳಿಗೆ 12.4ರಿಂದ 5.9ಕ್ಕೆ ಇಳಿಯಿತು. ಹುಸಿಮದ್ದು ಪಡೆದವರಲ್ಲಿ 14.9 ಇದ್ದದ್ದು 14.1 ಆಯಿತು, ಅಷ್ಟೇ. ಮರುವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಶುದ್ಧ ಸಿಬಿಡಿಯ ಔಷಧ ಎಪಿಡಿಯೊಲೆಕ್ಸ್‌ಗೆ ಒಪ್ಪಿಗೆ ಕೊಟ್ಟಿತು. ಆದರೆ ಸಿಬಿಡಿ ಪಡೆದವರಲ್ಲಿ ಸೆಳವು ಪೂರ್ತಿ ನಿಂತದ್ದು ಶೇ. 5ರಷ್ಟು ಮಂದಿಗೆ ಮಾತ್ರ. ವಾಟ್ಸ್‌ಆ್ಯಪ್‌ನ ಪವಾಡಕಥೆಗಳು ಇದನ್ನು ಹೇಳುವುದಿಲ್ಲ.

ನನಗೆ ಹೆಚ್ಚು ಆತಂಕ ತಂದದ್ದು ನಿಮ್ಮ ಮಗಳ ಈಗಿನ ಔಷಧಗಳು. ಕ್ಲೋಬಜಾಮ್‌ನ ಸಕ್ರಿಯ ಉಪೋತ್ಪನ್ನವನ್ನು ಒಡೆಯುವ ಯಕೃತ್ತಿನ ಕಿಣ್ವವನ್ನು ಸಿಬಿಡಿ ತಡೆಯುತ್ತದೆ. ಆ ಉಪೋತ್ಪನ್ನ ರಕ್ತದಲ್ಲಿ ಏರಿ ಮಗು ಮಂಪರಿಗೆ ಜಾರಬಹುದು. ವಾಲ್ಪ್ರೊಯೇಟ್ ಜೊತೆಗಿದ್ದರೆ ಯಕೃತ್ತಿಗೆ ತೊಂದರೆಯಾಗುವ ಸಾಧ್ಯತೆ ಹೆಚ್ಚು. ಹಾಗಾಗಿ ಮೊದಲು ಲಿವರ್ ಪರೀಕ್ಷೆ, ನಂತರ ಸಣ್ಣ ಪ್ರಮಾಣ, ಬೇಕಾದರೆ ಕ್ಲೋಬಜಾಮ್ ಇಳಿಕೆ. ಎಲ್ಲವೂ ವೈದ್ಯರ ಕೈಯಲ್ಲೇ.

ಆನ್‌ಲೈನ್ ಸೀಸೆಗಳನ್ನು ನಾನಂತೂ ನಂಬುವುದಿಲ್ಲ. ಅಮೆರಿಕದಲ್ಲಿ ಅಂಥ 84 ಉತ್ಪನ್ನಗಳನ್ನು ಪರೀಕ್ಷಿಸಿದಾಗ ಲೇಬಲ್ ಸರಿಯಿದ್ದದ್ದು 26ರಲ್ಲಿ. 18ರಲ್ಲಿ ಅಮಲೇರಿಸುವ ಟಿಎಚ್‌ಸಿ ಇತ್ತು. ಭಾರತದಲ್ಲಿ ಗಾಂಜಾ ಗಿಡದ ಹೂತುದಿಯಿಲ್ಲದ ಎಲೆ ಮಾದಕವಸ್ತು ನಿಯಂತ್ರಣದ 1985ರ ಎನ್‌ಡಿಪಿಎಸ್ ಕಾಯ್ದೆಯ ಗಾಂಜಾ ವ್ಯಾಖ್ಯೆಗೆ ಸೇರುವುದಿಲ್ಲ, ಅದರ ಸಾರ ‘ವಿಜಯಾ’ ಹೆಸರಿನ ಆಯುರ್ವೇದ ಔಷಧವಾಗಿ ಮಾರಾಟವಾಗುತ್ತದೆ. ಪ್ರಯೋಗದಲ್ಲಿ ಬಳಸಿದ ಶುದ್ಧ ಸಿಬಿಡಿ ಅದಲ್ಲ.

ಏನೇ ನಿರ್ಧರಿಸಿದರೂ ಈಗಿನ ಔಷಧಗಳನ್ನು ಥಟ್ಟನೆ ನಿಲ್ಲಿಸಬೇಡಿ.